ಜ್ಯೇಷ್ಠಮಧು: ಹೆಸರು, ಗುಣ, ಮಿತಿ

ಕನ್ನಡದ ಪ್ರಾಚೀನ ವೈದ್ಯಗ್ರಂಥಗಳನ್ನು ಓದುವ ವಿದ್ಯಾರ್ಥಿಗೆ ವ್ಯಾಕರಣಕ್ಕಿಂತ ಹೆಚ್ಚು ತೊಡಕಾಗುವುದು ಮೂಲಿಕೆಗಳ ಹೆಸರು. ಒಂದೇ ಗಿಡಕ್ಕೆ ಹಲವು ಹೆಸರು. ಒಂದೇ ಹೆಸರಿಗೆ ಹಲವು ಗಿಡ. ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂತಹ ಕೃತಿಗಳನ್ನು ಅಭ್ಯಸಿಸುವವರಿಗೆ ಈ ಎಚ್ಚರ ಅವಶ್ಯಕ. ನಿದರ್ಶನವಾಗಿ ಜ್ಯೇಷ್ಠಮಧುವನ್ನು ಪರಿಶೀಲಿಸಬಹುದು.

ಸಂಸ್ಕೃತದಲ್ಲಿ ಇದು ಯಷ್ಟಿಮಧು. ಯಷ್ಟಿಯೆಂದರೆ ಕೋಲು, ಅಂದರೆ ಸಿಹಿಯಾದ ಕೋಲು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮೂಲಿಕೆ ಅಂಗಡಿಗಳಲ್ಲಿ ‘ಅದಿಮದುರಂ’ ಎಂದು ಕೇಳಬೇಕು. ಅಲ್ಲಿ ನೆಲೆಸಿರುವ, ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳಿಗೆ ಈ ಪದ ಹೊರಗಿನದೆನಿಸಬೇಕಾಗಿಲ್ಲ. ಕನ್ನಡದಲ್ಲಿಯೂ ‘ಅತಿಮಧುರ’ ಎಂಬ ಹೆಸರಿದೆ. ಮರಾಠಿಯಲ್ಲಿ ಇದು ‘ಜ್ಯೇಷ್ಠಮಧ’. ಈ ‘ಜ್ಯೇಷ್ಠ’ಕ್ಕೂ ಹಿರಿತನಕ್ಕೂ ಸಂಬಂಧವಿಲ್ಲ. ಯೋಗಿ ಜೋಗಿಯಾದಂತೆ, ಯಾತ್ರೆ ಜಾತ್ರೆಯಾದಂತೆ, ಯಷ್ಟಿ ಪ್ರಾಕೃತದಲ್ಲಿ ‘ಜಟ್ಠಿ’ಯಾಯಿತು. ಮೂಲ ಮರೆತ ಮೇಲೆ ಅದಕ್ಕೆ ಮತ್ತೆ ಸಂಸ್ಕೃತದ ಉಡುಗೆ ತೊಡಿಸಿದಾಗ ‘ಜ್ಯೇಷ್ಠ’ ರೂಪ ಬಂದಿತು. ತದ್ಭವ ಪ್ರಕರಣವನ್ನು ಓದುವವರು ಇದನ್ನು ಗಮನಿಸಬೇಕು.

ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿದ ಈ ಸಸ್ಯದ ತವರು ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾದವರೆಗಿನ ಪ್ರದೇಶ. ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೋಫ್ರಾಸ್ಟಸ್ ಒಣಕೆಮ್ಮು, ಉಬ್ಬಸಗಳಿಗೆ ಇದರ ಬೇರನ್ನು ಹೇಳಿದ್ದಾನೆ. ಚರಕಸಂಹಿತೆಯು ಕಂಠಕ್ಕೆ ಹಿತವಾದ ದ್ರವ್ಯಗಳ ಗಣದಲ್ಲಿ ಇದನ್ನು ಸೇರಿಸಿದೆ. ಹಾಲಿನೊಡನೆ ಇದರ ಚೂರ್ಣವನ್ನು ಮೇಧ್ಯ ರಸಾಯನವೆಂದೂ ವಿಧಿಸಿದೆ. ಕೆಮ್ಮಿಗೆ ಕೊಡುವ ಏಲಾದಿ ಗುಟಿಕೆಯಲ್ಲಿ ಏಲಕ್ಕಿ, ಹಿಪ್ಪಲಿ, ದ್ರಾಕ್ಷಿ, ಖರ್ಜೂರಗಳೊಂದಿಗೆ ಇದೂ ಉಂಟು. 1943ರಲ್ಲಿ ಪಿ.ವಿ. ರಾಮ ವಾರಿಯರ್ ಅವರು ಆರ್ಯ ವೈದ್ಯ ಫಾರ್ಮಸಿಯನ್ನು ಸ್ಥಾಪಿಸಿದ ಕೊಯಮತ್ತೂರಿನಲ್ಲಿ ಕೇರಳದ ಆಯುರ್ವೇದ ಮತ್ತು ತಮಿಳರ ಸಿದ್ಧವೈದ್ಯ ಅಕ್ಕಪಕ್ಕದಲ್ಲಿವೆ. ಎರಡೂ ಪದ್ಧತಿಗಳಿಗೆ ಈ ಬೇರು ಬೇಕು.

ಬೇರಿನ ಸಿಹಿಗೆ ಕಾರಣ ಗ್ಲೈಸಿರೈಜಿನ್ ಎಂಬ ವಸ್ತು. ಇದು ಸಕ್ಕರೆಗಿಂತ ಹಲವು ಪಟ್ಟು ಸಿಹಿ. ಡಚ್ ವೈದ್ಯ ರೆವರ್ಸ್ 1946ರಲ್ಲಿ ಇದರ ಸಾರವು ಜಠರದ ಹುಣ್ಣನ್ನು ಶಮನಗೊಳಿಸುವುದೆಂದು ವರದಿ ಮಾಡಿದನು. ಜೊತೆಗೆ ಕೆಲವು ರೋಗಿಗಳಲ್ಲಿ ಮೈ ಊದಿಕೊಂಡುದನ್ನೂ ದಾಖಲಿಸಿದನು. ಮುಂದೆ ಈ ಬೇರಿನಿಂದಲೇ ಕಾರ್ಬೆನೊಕ್ಸೊಲೋನ್ ಎಂಬ ಹುಣ್ಣಿನ ಔಷಧ ಸಿದ್ಧವಾಯಿತು.

ಊತದ ಕಾರಣ ತಿಳಿದದ್ದು ತಡವಾಗಿ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದಿದೆ. ಜ್ಯೇಷ್ಠಮಧು ಆ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಬೇರೊಂದು ಹಾರ್ಮೋನಿನ ಕೆಲಸವನ್ನು ತಾನು ಮಾಡತೊಡಗುತ್ತದೆ: ದೇಹದಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಹೊರಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ದಿನವೂ ಸೇವಿಸುವವರಿಗೆ ಗ್ಲೈಸಿರೈಜಿನ್ 100 ಮಿಲಿಗ್ರಾಂ ಮೀರಬಾರದೆಂಬುದು ಯೂರೋಪಿನ ವೈಜ್ಞಾನಿಕ ಸಮಿತಿಯ ಸಲಹೆ. ಬೇರಿನಲ್ಲಿ ಅದು ಶೇ. 4ರಷ್ಟಿದ್ದರೆ ಎರಡೂವರೆ ಗ್ರಾಂ ಚೂರ್ಣಕ್ಕೇ ಆ ಮಿತಿ ಮುಟ್ಟುತ್ತದೆ. ಆದುದರಿಂದ ನಾಲ್ಕು ದಿನದ ಕೆಮ್ಮಿಗೆ ಒಂದು ಚೂರು ಅಗಿಯುವುದು ಬೇರೆ, ತಿಂಗಳುಗಟ್ಟಲೆ ಕಷಾಯ ಕುಡಿಯುವುದು ಬೇರೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ಹೆಸರಿನ ತೊಡಕು ಇಲ್ಲಿಗೆ ಮುಗಿಯುವುದಿಲ್ಲ. ‘ಮಧುಕ’ವೆಂದರೆ ಜ್ಯೇಷ್ಠಮಧು; ‘ಮಧೂಕ’ವೆಂದರೆ ಹಿಪ್ಪೆ. ಲಿಪಿಕಾರನ ಒಂದು ದೀರ್ಘದಿಂದ ಔಷಧವೇ ಬದಲಾಗುತ್ತದೆ. ಇನ್ನೂ ಅಪಾಯದ ನಿದರ್ಶನ ಗುಲಗಂಜಿ. ಅದರ ಎಲೆ, ಬೇರುಗಳು ಸಿಹಿಯಾದುದರಿಂದ ಆಂಗ್ಲರು ಅದನ್ನು ಭಾರತದ ಜ್ಯೇಷ್ಠಮಧುವೆಂದು ಕರೆದರು. ಬೇರನ್ನು ಬದಲಿಯಾಗಿ ಬಳಸಿದ್ದೂ ಉಂಟು. ಆದರೆ ಅದರ ಬೀಜದಲ್ಲಿರುವ ಅಬ್ರಿನ್ ಪ್ರಾಣಾಂತಿಕ ವಿಷ.

ವೈದ್ಯಗ್ರಂಥದ ಪಾಠ ನಿರ್ಣಯಿಸುವಾಗ ಹಸ್ತಪ್ರತಿಯ ಹ್ರಸ್ವ ದೀರ್ಘಗಳನ್ನು ಹೋಲಿಸಿ ನೋಡಬೇಕು. ಯೋಗದ ಉಳಿದ ದ್ರವ್ಯಗಳೊಂದಿಗೆ ಆ ಮೂಲಿಕೆ ಹೊಂದುವುದೇ ಎಂದು ಪರೀಕ್ಷಿಸಬೇಕು. ನಿಘಂಟಿನ ಮೊದಲ ಅರ್ಥಕ್ಕೇ ತೃಪ್ತರಾಗಬಾರದು. ಕಾವ್ಯದಲ್ಲಿ ತಪ್ಪು ಅರ್ಥದಿಂದ ರಸ ಕೆಡಬಹುದು; ವೈದ್ಯಗ್ರಂಥದಲ್ಲಿ ಓದುಗನ ಆರೋಗ್ಯವೇ ಕೆಡಬಹುದು.