ಚಿತ್ರಗಳ ರಾಶಿಯನ್ನು ಜೋಡಿಸಲು ಯಾವ ತಂತ್ರಾಂಶ?

ಫಿಲ್ಮ್ ರೋಲಿನ ಕಾಲದಲ್ಲಿ 36 ಚಿತ್ರಗಳಿಗೆ ರೋಲು ಮುಗಿಯುತ್ತಿತ್ತು. ತೊಳೆಸಿ ತಂದ ಚಿತ್ರಗಳನ್ನು ಆಲ್ಬಮ್ಮಿಗೆ ಅಂಟಿಸಿ, ಹಿಂಬದಿಯಲ್ಲಿ ಊರು, ದಿನಾಂಕ ಬರೆದರೆ ಕೆಲಸ ಮುಗಿಯಿತು. ಈಗ ಒಂದು ದಿನದ ಹೊರಸಂಚಾರದಿಂದ ನಾನೂರು ಚಿತ್ರಗಳು ಬರುತ್ತವೆ, ಹಿಂಬದಿಯಲ್ಲಿ ಬರೆಯುವ ಅಭ್ಯಾಸ ಮಾತ್ರ ಹೋಗಿದೆ.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವ ಮಾಚೇನಹಳ್ಳಿಯ ಸುತ್ತಿನ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ವಿಜ್ಞಾನ ಶಿಕ್ಷಕರು ಮಕ್ಕಳನ್ನು ಒಮ್ಮೆ ಅಲ್ಲಿನ ಕೈಗಾರಿಕಾ ಪ್ರದೇಶದ ಎರಕದ ಕಾರ್ಖಾನೆಗೆ ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ತುಂಗಾ ನದಿಯ ಮಂಡಗದ್ದೆ ನಡುಗಡ್ಡೆಗೆ, ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳನ್ನು ನೋಡಲು ಹೋಗುತ್ತಾರೆ. ಚಿತ್ರಗಳೆಲ್ಲ ಶಾಲೆಯ ಗಣಕದಲ್ಲಿ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’ ಎಂಬ ಹೆಸರಿನಲ್ಲಿ ಕುಳಿತಿರುತ್ತವೆ. ಎರಡು ವರ್ಷದ ನಂತರ ‘ಲೋಹಗಳು’ ಪಾಠಕ್ಕೆ, ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಆ ಒಂದು ಚಿತ್ರ ಬೇಕು. ಅದು ಗಣಕದಲ್ಲಿ ಇದೆ, ಆದರೆ ಸಿಗುವುದಿಲ್ಲ.

ಕಡತದ ಹೆಸರು ಇಲ್ಲಿ ನೆರವಿಗೆ ಬಾರದು. ಹೆಚ್ಚಿನ ಕ್ಯಾಮೆರಾಗಳು ನಾಲ್ಕು ಅಕ್ಷರ, ನಾಲ್ಕು ಅಂಕೆಗಳ ಹೆಸರು ಕೊಡುತ್ತವೆ. ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರು. ಹೀಗಾಗಿ ಬೇರೆ ಬೇರೆ ವರ್ಷದ ಎರಡು ಚಿತ್ರಗಳಿಗೆ ಒಂದೇ ಹೆಸರು ಬರಬಹುದು. ನಕಲು ಮಾಡುವಾಗ ‘ಇದೇ ಹೆಸರಿನ ಕಡತವಿದೆ, ಅದರ ಮೇಲೆ ಬರೆಯಲೆ?’ ಎಂದು ಗಣಕ ಕೇಳಿದಾಗ ಅವಸರದಲ್ಲಿ ‘ಹೌದು’ ಒತ್ತಿದರೆ ಹಳೆಯ ಚಿತ್ರ ಹೋದಂತೆಯೇ!

ಚಿತ್ರದ ಒಳಗೆ ಇನ್ನೊಂದು ಬಗೆಯ ಮಾಹಿತಿ ಇರುತ್ತದೆ. ಜಪಾನಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ಎಕ್ಸಿಫ್’ ಎಂಬ ಮಾನಕದ ಪ್ರಕಾರ, ಕ್ಯಾಮೆರಾ ಪ್ರತಿ ಚಿತ್ರದಲ್ಲೂ ತೆಗೆದ ದಿನಾಂಕ, ಗಳಿಗೆ, ಮಸೂರದ ತೆರಪು ಮುಂತಾದುವನ್ನು ತಾನಾಗಿಯೇ ಬರೆದಿಡುತ್ತದೆ. ಜೊತೆಗೆ ಸಾಮಾನ್ಯವಾಗಿ 160×120 ಬಿಂದುಗಳ ಒಂದು ಪುಟ್ಟ ಪ್ರತಿಯೂ ಇರುತ್ತದೆ. ಇದರ ಉಪಯೋಗ ಲೆಕ್ಕದಲ್ಲಿ ತಿಳಿಯುತ್ತದೆ. 4000×3000 ಬಿಂದುಗಳ ಚಿತ್ರ ಡಿಸ್ಕಿನಲ್ಲಿ 4–5 ಎಂ.ಬಿ. ಇರಬಹುದು. ಆದರೆ ತೆರೆಯ ಮೇಲೆ ಬಿಡಿಸಲು ಬಿಂದುವೊಂದಕ್ಕೆ 3 ಬೈಟ್‌ನಂತೆ 3.6 ಕೋಟಿ ಬೈಟ್ ಸ್ಮೃತಿ ಬೇಕು. ಪುಟ್ಟ ಪ್ರತಿಯಲ್ಲಿರುವ ಬಿಂದುಗಳು 19,200 ಮಾತ್ರ, ಅಂದರೆ 625ರಲ್ಲಿ ಒಂದು ಪಾಲು. ಮೊದಲು ಪುಟ್ಟ ಪ್ರತಿಯನ್ನು ಓದುವ ತಂತ್ರಾಂಶ ಹಳೆಯ ಗಣಕದಲ್ಲೂ ಸರಸರನೆ ಓಡುತ್ತದೆ.

ಬರಿದೆ ನೋಡುವುದಕ್ಕಾದರೆ ಆಯ್ಕೆ ಸುಲಭ. ವಿಂಡೋಸ್ ಗಣಕಕ್ಕೆ 1996ರಿಂದ ಬಳಕೆಯಲ್ಲಿರುವ ಇರ್ಫಾನ್‌ವ್ಯೂ ಸಾಕು. ಗಾತ್ರದಲ್ಲಿ ಚಿಕ್ಕದು, ಶಾಲೆಗಳಿಗೆ ಉಚಿತ. ಒಂದೇ ಹಕ್ಕಿಯ ಹತ್ತು ಚಿತ್ರಗಳಲ್ಲಿ ಸ್ಪಷ್ಟವಾದುದನ್ನು ಉಳಿಸಿ ಮಿಕ್ಕವನ್ನು ಅಳಿಸಬೇಕಾದರೆ ಫಾಸ್ಟ್‌ಸ್ಟೋನ್ ಅನುಕೂಲ, ಅದರಲ್ಲಿ ನಾಲ್ಕು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಜೋಡಿಸುವುದು ಮಾತ್ರ ಬೇರೆಯೇ ಕೆಲಸ. ಚಿತ್ರದಲ್ಲಿರುವುದು ನೀರುಕಾಗೆಯೋ ಎರಕದ ಅಚ್ಚೋ ಎಂದು ಕ್ಯಾಮೆರಾ ಬರೆಯುವುದಿಲ್ಲ, ನಾವು ಚೀಟಿ ಅಂಟಿಸಬೇಕು. ತಂತ್ರಾಂಶಗಳು ಇದನ್ನು ‘ಟ್ಯಾಗ್’ ಎನ್ನುತ್ತವೆ. ತಂತ್ರಾಂಶ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಇದು: ಈ ಚೀಟಿ ಎಲ್ಲಿ ಉಳಿಯುತ್ತದೆ? ಚಿತ್ರದ ಕಡತದ ಒಳಗೋ, ತಂತ್ರಾಂಶ ತನಗಾಗಿ ಇಟ್ಟುಕೊಂಡ ದತ್ತಸಂಚಯದಲ್ಲೋ? ಎರಡನೆಯದಾದರೆ ತಂತ್ರಾಂಶ ಹೋದ ದಿನ ಚೀಟಿಗಳೂ ಹೋಗುತ್ತವೆ.

ಪಿಕಾಸಾದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2004ರಲ್ಲಿ ಗೂಗಲ್ ಕೊಂಡು ಉಚಿತವಾಗಿ ಹಂಚಿದ ಈ ತಂತ್ರಾಂಶ ಎಷ್ಟೋ ಮನೆ, ಶಾಲೆಗಳ ಗಣಕದಲ್ಲಿತ್ತು. 2016ರ ಮಾರ್ಚ್‌ನಲ್ಲಿ ಗೂಗಲ್ ಅದರ ಬೆಂಬಲವನ್ನು ನಿಲ್ಲಿಸಿತು. ಜೆಪೆಗ್ ಚಿತ್ರಗಳಿಗೆ ಬರೆದ ಅಡಿಬರಹ ಮತ್ತು ಟ್ಯಾಗ್‌ಗಳನ್ನು ಪಿಕಾಸಾ ಕಡತದೊಳಗೇ ಇಡುತ್ತಿದ್ದುದರಿಂದ ಅವನ್ನು ಬೇರೆ ತಂತ್ರಾಂಶಗಳು ಓದಬಲ್ಲವು. ಆದರೆ ಗಂಟೆಗಟ್ಟಲೆ ಕುಳಿತು ಜೋಡಿಸಿದ ಆಲ್ಬಮ್‌ಗಳು ಅದರ ಸ್ವಂತ ದತ್ತಸಂಚಯದಲ್ಲಿದ್ದವು. ಹೊಸ ಗಣಕಕ್ಕೆ ಚಿತ್ರಗಳನ್ನಷ್ಟೇ ನಕಲು ಮಾಡಿದವರಿಗೆ ಆ ಜೋಡಣೆ ಸಿಗಲಿಲ್ಲ.

ನಷ್ಟ ಚಿಕ್ಕದಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಅದಕ್ಕೆ ಮುಂಚೆ ಯಂತ್ರಗಳು ಓಡುತ್ತಿದ್ದಾಗ ತೆಗೆದ ಚಿತ್ರಗಳನ್ನು ಮತ್ತೆ ತೆಗೆಯುವಂತಿಲ್ಲ. ‘ಇದು ಯಾವ ಯಂತ್ರ, ಇಲ್ಲಿ ಏನು ನಡೆಯುತ್ತಿದೆ’ ಎಂಬ ಚೀಟಿ ಕಳಚಿಹೋದರೆ, ನೋಡುವವರಿಗೆ ಅದು ಯಾವುದೋ ಒಂದು ಶೆಡ್ಡಿನ ಚಿತ್ರ ಅಷ್ಟೆ.

ಕಡತದ ಒಳಗೆ ಚೀಟಿ ಬರೆಯಲು ಎರಡು ವಿಧಾನಗಳು ಬಳಕೆಯಲ್ಲಿವೆ. ಸುದ್ದಿಸಂಸ್ಥೆಗಳಿಗಾಗಿ ಬಂದ ಹಳೆಯ ಐಪಿಟಿಸಿ ಒಂದು, ಅಡೋಬಿ ಕಂಪೆನಿ 2001ರಲ್ಲಿ ತಂದ ಎಕ್ಸ್‌ಎಂಪಿ ಇನ್ನೊಂದು. ಕನ್ನಡದಲ್ಲಿ ಬರೆಯುವವರು ಇವೆರಡರ ಭೇದವನ್ನು ತಿಳಿದಿರಬೇಕು. ಹಳೆಯ ವಿಧಾನದಲ್ಲಿ ಒಂದು ಟ್ಯಾಗ್‌ಗೆ 64 ಬೈಟ್‌ಗಳ ಮಿತಿ ಇದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ವ್ಯಂಜನ, ಪ್ರತಿ ಗುಣಿತ ಚಿಹ್ನೆ, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆ, ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು. ‘ಶ್ವೇ’ ಎಂಬ ಒಂದೇ ಅಕ್ಷರಕ್ಕೆ 12 ಬೈಟ್! ‘ಭದ್ರಾವತಿ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ’ ಎಂದು ಬರೆದರೆ ಮೊದಲ ಎರಡು ಪದಗಳಿಗೇ ಸರಿಯಾಗಿ 64 ಬೈಟ್ ತುಂಬುತ್ತದೆ, ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ತಂತ್ರಾಂಶ ಕಾರ್ಖಾನೆಯನ್ನೇ ಕತ್ತರಿಸಿಬಿಡುತ್ತದೆ. ವಿದ್ಯಾರ್ಥಿಗಳು ಎಣಿಸಿ ನೋಡಲಿ, ಎರಡು ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದು ಬೈಟ್ ಸೇರಿಸುವುದನ್ನು ಮರೆಯಬಾರದು. ಎಕ್ಸ್‌ಎಂಪಿಯಲ್ಲಿ ಈ ಮಿತಿ ಇಲ್ಲ. ಆದ್ದರಿಂದ ಎಕ್ಸ್‌ಎಂಪಿ ಬರೆಯಬಲ್ಲ ತಂತ್ರಾಂಶವನ್ನೇ ಆರಿಸಿ. ಉದ್ದದ ಹೆಸರಿನ ಬದಲು ‘ಭದ್ರಾವತಿ’, ‘ಉಕ್ಕು’, ‘ಕಾರ್ಖಾನೆ’ ಎಂದು ಬಿಡಿ ಚೀಟಿಗಳನ್ನು ಅಂಟಿಸುವುದೂ ಲೇಸು, ಹುಡುಕುವಾಗ ಹೇಗೂ ಅವೇ ಒದಗುತ್ತವೆ.

ಈ ದೃಷ್ಟಿಯಿಂದ ನನ್ನ ಮೊದಲ ಆಯ್ಕೆ ಡಿಜಿಕ್ಯಾಮ್. ಇದು ಮುಕ್ತ ತಂತ್ರಾಂಶ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ‘ಪಕ್ಷಿ’ಯ ಕೆಳಗೆ ‘ನೀರುಕಾಗೆ’ ಎಂಬಂತೆ ಮರದ ಕೊಂಬೆಗಳ ಹಾಗೆ ಟ್ಯಾಗ್‌ಗಳನ್ನು ಹರಡಬಹುದು, ಒಂದೇ ಚಿತ್ರದ ಹಲವು ಪ್ರತಿಗಳಿದ್ದರೆ ಅದು ಹುಡುಕಿಕೊಡುತ್ತದೆ. ಕಲಿಯಲು ಒಂದೆರಡು ದಿನ ಹಿಡಿಯುತ್ತದೆ, ಕಡಿಮೆ ಸ್ಮೃತಿಯ ಗಣಕದಲ್ಲಿ ತುಸು ಏದುಸಿರು ಬಿಡುತ್ತದೆ. ಅಂಥ ಕಡೆ ಶಿಕ್ಷಣಕ್ಕೆ ಉಚಿತವಾದ ಎಕ್ಸ್‌ಎನ್‌ವ್ಯೂ ಎಂಪಿ ಒಳ್ಳೆಯದು. ಎರಡರಲ್ಲೂ ಟ್ಯಾಗ್‌ಗಳನ್ನು ಕಡತದೊಳಗೆ ಬರೆಯುವ ಆಯ್ಕೆ ಜಾರಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಯಾವ ತಂತ್ರಾಂಶವನ್ನೂ ಮಾತಿನ ಮೇಲೆ ನಂಬಬೇಕಿಲ್ಲ, ಐದು ನಿಮಿಷದ ಪ್ರಯೋಗ ಸಾಕು. ಒಂದು ಚಿತ್ರದ ನಕಲಿಗೆ ಕನ್ನಡದಲ್ಲಿ ಟ್ಯಾಗ್ ಬರೆಯಿರಿ. ಆ ಕಡತವೊಂದನ್ನೇ ಪೆನ್‌ಡ್ರೈವಿನಲ್ಲಿ ಇನ್ನೊಂದು ಗಣಕಕ್ಕೆ ಒಯ್ದು, ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಟ್ಯಾಗ್ ಪೂರ್ತಿಯಾಗಿ ಕಂಡರೆ ತಂತ್ರಾಂಶ ಪಾಸು. ಕಾಣದಿದ್ದರೆ, ಅಥವಾ ಅರ್ಧ ಕತ್ತರಿಸಿದ್ದರೆ, ಸಾವಿರ ಚಿತ್ರಗಳಿಗೆ ಚೀಟಿ ಅಂಟಿಸುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು.

ಇನ್ನು ಕಾಲದ ತೊಡಕು. ಮೂವರ ಕ್ಯಾಮೆರಾ ಮತ್ತು ಫೋನುಗಳ ಚಿತ್ರಗಳನ್ನು ಒಂದೆಡೆ ಸುರಿದು ಸಮಯಾನುಕ್ರಮದಲ್ಲಿ ಜೋಡಿಸಿದರೆ, ಅಚ್ಚು ಒಡೆಯುವ ಚಿತ್ರ ಕಬ್ಬಿಣ ಸುರಿಯುವುದಕ್ಕಿಂತ ಮುಂಚೆ ಬಂದೀತು! ಫೋನಿನ ಗಡಿಯಾರ ಸಾಮಾನ್ಯವಾಗಿ ಜಾಲದಿಂದ ಸರಿಯಾಗುತ್ತದೆ, ಕ್ಯಾಮೆರಾದ್ದು ಹಿಂದೆ ಮುಂದೆ ಓಡುತ್ತದೆ. ಹೊರಡುವಾಗ ಎಲ್ಲರೂ ಒಂದೇ ಗೋಡೆ ಗಡಿಯಾರದ ಚಿತ್ರ ತೆಗೆದುಕೊಳ್ಳಲಿ. ಚಿತ್ರದಲ್ಲಿ ಕಾಣುವ ಗಳಿಗೆಗೂ ಎಕ್ಸಿಫ್‌ನಲ್ಲಿ ಬರೆದ ಗಳಿಗೆಗೂ ಇರುವ ವ್ಯತ್ಯಾಸವೇ ಆ ಕ್ಯಾಮೆರಾದ ದೋಷ. ಡಿಜಿಕ್ಯಾಮ್‌ನಲ್ಲಿ ಅಷ್ಟು ನಿಮಿಷಗಳನ್ನು ಎಲ್ಲ ಚಿತ್ರಗಳಿಗೂ ಒಮ್ಮೆಲೇ ಕೂಡಿಸಬಹುದು ಅಥವಾ ಕಳೆಯಬಹುದು.

ಮಕ್ಕಳಿಂದ ಚಿತ್ರ ತರಿಸಿಕೊಳ್ಳುವಾಗ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುವುದಲ್ಲದೆ ಎಕ್ಸಿಫ್ ಮಾಹಿತಿಯೂ ಅಳಿದುಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಹೀಗೆ ಬಂದ ಮೂಲ ಚಿತ್ರದಲ್ಲಿ, ಫೋನಿನ ಜಿಪಿಎಸ್ ಚಾಲೂ ಇದ್ದರೆ, ತೆಗೆದ ಜಾಗದ ಅಕ್ಷಾಂಶ–ರೇಖಾಂಶವೂ ಇರಬಹುದು. ಮಂಡಗದ್ದೆಯ ಬೆಳ್ಳಕ್ಕಿಗೆ ಅದು ಉಪಯುಕ್ತ ದತ್ತಾಂಶ. ವಿದ್ಯಾರ್ಥಿಯ ಮನೆಯಂಗಳದಲ್ಲಿ ತೆಗೆದ ಚಿತ್ರವಾದರೆ, ಹೊರಗೆ ಹಂಚುವ ಪ್ರತಿಯಿಂದ ಅದನ್ನು ತೆಗೆದುಹಾಕಿ.