ದೃಷ್ಟಿ-ಶ್ರವಣಗಳೆರಡೂ ಕುಂದಿದ ವಯಸ್ಕರಿಗೆ ನೆರವು

ಕಣ್ಣು ಕಾಣದವರು ಕಿವಿಯನ್ನೂ, ಕಿವಿ ಕೇಳದವರು ಕಣ್ಣನ್ನೂ ಆಶ್ರಯಿಸಿ ಬಾಳುತ್ತಾರೆ. ಎರಡೂ ಇಂದ್ರಿಯಗಳು ಕುಂದಿದಾಗ ಈ ಪರಸ್ಪರ ಆಸರೆಯೇ ತಪ್ಪಿಹೋಗುತ್ತದೆ. ಆದ್ದರಿಂದ ದೃಷ್ಟಿ-ಶ್ರವಣ ದೋಷವು ಎರಡು ದೋಷಗಳ ಬರಿಯ ಮೊತ್ತವಲ್ಲ. ಅದಕ್ಕೆ ಬೇಕಾದ ನೆರವೂ ಬೇರೆಯೇ. ಈ ದೋಷವುಳ್ಳವರೆಲ್ಲರೂ ಪೂರ್ಣವಾಗಿ ಅಂಧರೂ ಕಿವುಡರೂ ಆಗಿರುವುದಿಲ್ಲ. ಹಲವರಲ್ಲಿ ಅಲ್ಪಸ್ವಲ್ಪ ದೃಷ್ಟಿ ಅಥವಾ ಶ್ರವಣ ಉಳಿದಿರುತ್ತದೆ.

ಕಾರಣಗಳು

ಅಷರ್ ಸಿಂಡ್ರೋಮ್ ಎಂಬುದು ಆನುವಂಶಿಕ ಕಾಯಿಲೆ. ಇದರಲ್ಲಿ ಸಾಮಾನ್ಯವಾಗಿ ಹುಟ್ಟಿನಿಂದಲೇ ಶ್ರವಣದೋಷವಿದ್ದು, ಬಾಲ್ಯದಲ್ಲಿ ಅಥವಾ ತಾರುಣ್ಯದಲ್ಲಿ ಇರುಳುಗುರುಡು ಕಾಣಿಸಿಕೊಳ್ಳುತ್ತದೆ. ಮುಂದೆ ದೃಷ್ಟಿಯ ವಿಸ್ತಾರವು ಕ್ರಮೇಣ ಕಿರಿದಾಗುತ್ತದೆ. ವೃದ್ಧಾಪ್ಯದಲ್ಲಿ ಕಿವಿ ಮಂದವಾಗುವುದರೊಂದಿಗೆ ಕಣ್ಣಿನ ಪೊರೆ, ಗ್ಲಾಕೋಮಾ ಅಥವಾ ಮಧುಮೇಹದಿಂದಾಗುವ ಅಕ್ಷಿಪಟಲದ ತೊಂದರೆ ಸೇರಿಕೊಳ್ಳಬಹುದು. ಇಂತಹ ಹಿರಿಯರು ಮಾತಿಗೆ ಉತ್ತರಿಸದಿದ್ದಾಗ "ಅರಳುಮರಳು" ಎಂದು ಬಗೆದು ಸುಮ್ಮನಾಗುವುದು ತಪ್ಪು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ನೀಗಬಹುದು; ಶ್ರವಣ ಸಾಧನವೂ ಅನೇಕರಿಗೆ ಉಪಯುಕ್ತ. ಆದಕಾರಣ ಕಣ್ಣು, ಕಿವಿ ಎರಡನ್ನೂ ಪರೀಕ್ಷಿಸತಕ್ಕದ್ದು.

ಸ್ಪರ್ಶವೇ ಭಾಷೆ

ಅಂಗೈಯ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆಯುವುದು ಸಂಭಾಷಣೆಯ ಅತ್ಯಂತ ಸರಳ ವಿಧಾನ. ಓದುಬರಹ ಬಲ್ಲವರಿಗೆ ಇದನ್ನು ಮನೆಮಂದಿಯೇ ಕನ್ನಡ ಅಕ್ಷರಗಳಲ್ಲಿ ಅಭ್ಯಾಸ ಮಾಡಿಸಬಹುದು. ಸಂಜ್ಞಾಭಾಷೆ ಬಲ್ಲವರು ಮಾತನಾಡುವವರ ಕೈಗಳ ಮೇಲೆ ತಮ್ಮ ಕೈಗಳನ್ನಿರಿಸಿ ಸಂಜ್ಞೆಗಳನ್ನು ಗ್ರಹಿಸುತ್ತಾರೆ. ಭಾರತಿ ಬ್ರೈಲ್ ಲಿಪಿಯ ಮೂಲಕ ಕನ್ನಡವನ್ನೂ ಓದಬಹುದು. ಪರಊರಿನಲ್ಲಿ ನೆಲಸಿದ ಕನ್ನಡಿಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು: ಹೊರಗಿನ ತರಬೇತುದಾರರಿಗೆ ಮರಾಠಿ, ತಮಿಳು ಅಥವಾ ಹಿಂದಿ ಮಾತ್ರ ತಿಳಿದಿರಬಹುದು. ಆಗ ಮನೆಮಾತು ಕೈಬಿಡದಂತೆ ನೋಡಿಕೊಳ್ಳುವ ಹೊಣೆ ಕುಟುಂಬದ್ದೇ. ದೃಷ್ಟಿ ಉಳಿದಿರುವಾಗಲೇ ಈ ಅಭ್ಯಾಸ ಆರಂಭಿಸುವುದು ಲೇಸು.

ಕಾನೂನಿನ ರಕ್ಷಣೆ

2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ದೃಷ್ಟಿ-ಶ್ರವಣ ದೋಷವನ್ನು ಬಹುವಿಧ ಅಂಗವೈಕಲ್ಯಗಳ ವರ್ಗದಲ್ಲಿ ಹೆಸರಿಸಿದೆ. ಸ್ಪರ್ಶದ ಮೂಲಕ ನಡೆಯುವ ಸಂಪರ್ಕವನ್ನೂ ಸಂವಹನವೆಂದು ಅದು ಪರಿಗಣಿಸುತ್ತದೆ. ಸರ್ಕಾರಿ ನೌಕರಿಗಳಲ್ಲಿನ ಶೇಕಡಾ 4ರ ಮೀಸಲಾತಿಯ ವ್ಯಾಪ್ತಿಗೆ ಈ ವರ್ಗವೂ ಸೇರಿದೆ. ಮೀಸಲಾತಿಗೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವುದಾಗಿ ಪ್ರಮಾಣಪತ್ರ ಅಗತ್ಯ. ಪ್ರಮಾಣಪತ್ರಕ್ಕೂ ವಿಶಿಷ್ಟ ಗುರುತಿನ ಚೀಟಿಗೂ ಹುಟ್ಟೂರಿಗೆ ಹೋಗಬೇಕಾಗಿಲ್ಲ. ವಾಸಿಸುತ್ತಿರುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಕಣ್ಣು ಮತ್ತು ಕಿವಿ ಎರಡರ ದೋಷವನ್ನೂ ಅರ್ಜಿಯಲ್ಲಿ ನಮೂದಿಸಲು ಮರೆಯಬಾರದು.

ಕೇಂದ್ರ ಸರ್ಕಾರವು 2005ರಲ್ಲಿ ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವಿಕಲರ ಸಬಲೀಕರಣಕ್ಕಾಗಿ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಸ್ವಯಂಸೇವಾ ಕ್ಷೇತ್ರದಲ್ಲಿ, 1977ರಲ್ಲಿ ಆರಂಭವಾದ ಮುಂಬಯಿಯ ಹೆಲೆನ್ ಕೆಲ್ಲರ್ ಸಂಸ್ಥೆಯೂ ಅಹಮದಾಬಾದಿನ ಸೆನ್ಸ್ ಇಂಡಿಯಾ ಸಂಸ್ಥೆಯೂ ಈ ದೋಷವುಳ್ಳವರಿಗಾಗಿ ಶ್ರಮಿಸುತ್ತಿವೆ.

ಮನೆಯವರು ಅನುಸರಿಸಬೇಕಾದ ಕ್ರಮ

ಹತ್ತಿರ ಬಂದೊಡನೆ ತೋಳನ್ನು ಮೃದುವಾಗಿ ಮುಟ್ಟಿ, ಬಂದವರು ಯಾರೆಂಬುದನ್ನು ಗೊತ್ತಾದ ಒಂದು ಗುರುತಿನಿಂದ ತಿಳಿಸಬೇಕು. ನಡೆಸಿಕೊಂಡು ಹೋಗುವಾಗ ಅವರನ್ನು ಹಿಡಿದೆಳೆಯದೆ, ನಮ್ಮ ಮೊಣಕೈಯನ್ನು ಅವರು ಹಿಡಿಯುವಂತೆ ಮಾಡಬೇಕು. ಮನೆಯ ಸಾಮಾನುಗಳನ್ನು ತಿಳಿಸದೆ ಸ್ಥಳಾಂತರಿಸಬಾರದು. ಹೊರಟುಹೋಗುವಾಗ ಹೇಳಿಯೇ ಹೋಗಬೇಕು; ಇಲ್ಲವಾದರೆ ಅವರು ಬರಿದಾದ ಕೋಣೆಯೊಂದಿಗೆ ಮಾತನಾಡುತ್ತಿರಬೇಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಹಣಕಾಸು, ಚಿಕಿತ್ಸೆ, ವಾಸಸ್ಥಳ ಮೊದಲಾದ ವಿಷಯಗಳಲ್ಲಿ ಅವರನ್ನು ಕೇಳದೆ ತೀರ್ಮಾನ ಕೈಗೊಳ್ಳಬಾರದು. ಕುಂದಿರುವುದು ಕಣ್ಣು ಕಿವಿಗಳೇ ಹೊರತು ವಿವೇಕವಲ್ಲ. ಅಂಗೈಯ ಮೇಲೆ ಬರೆದು ಕೇಳಲು ಹತ್ತು ನಿಮಿಷ ಹಿಡಿಯಬಹುದು; ಆ ಹತ್ತು ನಿಮಿಷಗಳನ್ನು ಕೊಡುವುದೇ ಅವರಿಗೆ ಸಲ್ಲಬೇಕಾದ ಮೊದಲ ನೆರವು.