ಗಿಡ ಉಳಿದರೆ ಸಾಲದು, ಕಾಯಿ ಕಚ್ಚಬೇಕು

ಸಸ್ಯೋದ್ಯಾನವೆಂದರೆ ಅನೇಕರಿಗೆ ನೆನಪಾಗುವುದು ಬೆಳಗಿನ ವಾಯುವಿಹಾರ, ಫಲಪುಷ್ಪ ಪ್ರದರ್ಶನ. ಆದರೆ ಕಾಡಿನಲ್ಲಿ ನೆಲೆ ಕಳೆದುಕೊಂಡ ಗಿಡಗಳಿಗೆ ಅದು ಆಶ್ರಯತಾಣವೂ ಹೌದು. ಲಂಡನ್ನಿನ ಕ್ಯೂ ಉದ್ಯಾನ ಇದಕ್ಕೆ ಹೆಸರಾದುದು. ಲಾಲ್‌ಬಾಗನ್ನು ಬೆಳೆಸಿದ ಕ್ಯಾಮರಾನ್, ಕ್ರುಂಬಿಗಲ್ ಇಬ್ಬರೂ ಅಲ್ಲಿ ಪಳಗಿದವರೇ. ಇಂಥ ಆಶ್ರಯದ ಶಕ್ತಿಯೆಷ್ಟು, ಮಿತಿಯೇನು ಎಂಬುದನ್ನು ಕ್ಯೂನಲ್ಲಿ ಬೆಳೆದ ಎರಡು ಗಿಡಗಳ ಕಥೆ ತಿಳಿಸುತ್ತದೆ.

1895ರಲ್ಲಿ ದಕ್ಷಿಣ ಆಫ್ರಿಕದ ಓಂಗೋಯೆ ಕಾಡಿನಲ್ಲಿ, ಡರ್ಬನ್ ಸಸ್ಯೋದ್ಯಾನದ ಜಾನ್ ಮೆಡ್ಲಿ ವುಡ್ ಅವರಿಗೆ ಈಚಲಿನಂತೆ ಕಾಣುವ ಒಂದು ಸೈಕಾಡ್ ಸಿಕ್ಕಿತು. ಆ ಜಾತಿಯ ಇನ್ನೊಂದು ಗಿಡ ಇಂದಿಗೂ ಕಾಡಿನಲ್ಲಿ ಕಂಡಿಲ್ಲ. ಅದರ ಬುಡದ ಮರಿಗಳನ್ನು ಕಿತ್ತು ನೆಟ್ಟು ಹಲವು ಉದ್ಯಾನಗಳಲ್ಲಿ ಬೆಳೆಸಲಾಗಿದೆ. 1899ರಲ್ಲಿ ಕ್ಯೂಗೂ ಒಂದು ಬಂತು. ಸೈಕಾಡ್‌ಗಳಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ವುಡ್ ಕಂಡದ್ದು ಗಂಡು, ಮರಿಗಳೂ ಗಂಡೇ. ಹೆಣ್ಣಿಗಾಗಿ ಇತ್ತೀಚೆಗೆ ಆ ಕಾಡಿನ ಮೇಲೆ ಡ್ರೋನ್ ಹಾರಿಸಿ ಹುಡುಕಿದ್ದೂ ಉಂಟು. ಆ ಜಾತಿ ಬದುಕಿದೆ, ಆದರೆ ಬೀಜ ಕಟ್ಟಿಲ್ಲ.

ಹಿಂದೂ ಮಹಾಸಾಗರದ ರಾಡ್ರಿಗ್ಸ್ ದ್ವೀಪದ ‘ಕೆಫೆ ಮರೋನ್’ ಕಾಫಿಯ ಕುಟುಂಬಕ್ಕೆ ಸೇರಿದ ಗಿಡ. ಅದು ನಶಿಸಿತೆಂದೇ ವಿಜ್ಞಾನಿಗಳು ತಿಳಿದಿದ್ದರು. 1980ರ ಸುಮಾರಿಗೆ ಮೇಷ್ಟರು ತೋರಿಸಿದ ಚಿತ್ರ ನೋಡಿದ ಶಾಲಾ ಬಾಲಕನೊಬ್ಬ ಅಂಥದೇ ಕೊಂಬೆಯನ್ನು ತಂದುಕೊಟ್ಟ. ಉಳಿದಿದ್ದುದು ಒಂದೇ ಗಿಡ. ಔಷಧಿಗೆಂದು ಜನ ಅದರ ರೆಂಬೆ ಮುರಿಯತೊಡಗಿದಾಗ ಸುತ್ತ ಬೇಲಿ ಹಾಕಬೇಕಾಯಿತು. 1986ರಲ್ಲಿ ಅದರ ಕಡ್ಡಿಗಳನ್ನು ವಿಮಾನದಲ್ಲಿ ಕ್ಯೂಗೆ ಕಳುಹಿಸಲಾಯಿತು. ಅಲ್ಲಿ ಗಿಡ ಬೇರೂರಿತು, ಹೂವನ್ನೂ ಬಿಟ್ಟಿತು. ಕಾಯಿ ಮಾತ್ರ ಕಚ್ಚಲಿಲ್ಲ.

2003ರಲ್ಲಿ ಅಲ್ಲಿನ ತೋಟಗಾರಿಕೆ ತಜ್ಞ ಕಾರ್ಲೋಸ್ ಮ್ಯಾಗ್ದಲೀನಾ ಹೊಸ ದಾರಿ ಹುಡುಕಿದರು. ಹೂವಿನ ಶಲಾಕಾಗ್ರದ ಮೇಲೆ ಪರಾಗ ಬಿದ್ದರೂ ಫಲವಿರಲಿಲ್ಲ. ಆದ್ದರಿಂದ ಆ ತುದಿಯನ್ನೇ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಪರಾಗ ಸವರಿದರು. ಅನೇಕ ಹೂಗಳು ಉದುರಿದ ಮೇಲೆ ಒಂದು ಕಾಯಿ ಕಚ್ಚಿತು! ಮುಂದೆ ಬೀಜಗಳು ಸಸಿಗಳಾದವು. ಕೆಫೆ ಮರೋನ್ ತನ್ನ ದ್ವೀಪಕ್ಕೆ ಮರಳಿತು.

ಕಡ್ಡಿಯಿಂದಾಗಲಿ ಮರಿಯಿಂದಾಗಲಿ ಬೆಳೆದ ಗಿಡಗಳೆಲ್ಲ ತಾಯಿಗಿಡದ ಪಡಿಯಚ್ಚು. ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಹುದು. ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಗುಣಭೇದವಿರುತ್ತದೆ. ಜಾತಿಯ ಭದ್ರತೆ ಇರುವುದು ಅದರಲ್ಲೇ. ಆದ್ದರಿಂದ ಸಸ್ಯೋದ್ಯಾನದಲ್ಲಿ ನೀರೆರೆಯುವ ಕೈಯೊಡನೆ ಸಂಶೋಧನೆಯ ಕಣ್ಣೂ ಇರಬೇಕು. ಆದರೂ ವುಡ್ ಅವರ ಸೈಕಾಡ್ ಒಂದು ಎಚ್ಚರಿಕೆ: ಕಾಡಿನಲ್ಲಿ ಕೊನೆಯ ಗಿಡವೊಂದೇ ಉಳಿಯುವವರೆಗೆ ಕಾದರೆ, ಎಂಥ ಉದ್ಯಾನವೂ ಅದಕ್ಕೆ ಜೊತೆಯನ್ನು ಹುಟ್ಟಿಸಿಕೊಡಲಾರದು.